ಪ್ಲಸ್–ಮೈನಸ್ ಬರೆಯಲು ಕಲಿಸಮ್ಮ

ಪಿ.ಯು. ಕಾಲೇಜಿನ ಭೌತಶಾಸ್ತ್ರದ ಲ್ಯಾಬು ಈ ವರ್ಷದಿಂದ ನಿನ್ನ ಕೈಗೆ ಬಂದಿದೆ ಎಂದು ಕೇಳಿ ತುಂಬಾ ಸಂತೋಷವಾಯಿತಮ್ಮ. ಪಾಠ ಹೇಗೆ ಮಾಡಬೇಕು ಅನ್ನುವುದನ್ನು ನಾನು ನಿನಗೆ ಹೇಳಿಕೊಡಬೇಕಾಗಿಲ್ಲ. ಲ್ಯಾಬಿನ ವಿಷಯದಲ್ಲಿ ಮಾತ್ರ ಒಂದು ಮಾತು ಹೇಳಲೇಬೇಕು ಅನ್ನಿಸಿದೆ. ಮೊದಲ ವಾರ ಮುಗಿಯುವುದರೊಳಗೆ ಯಾರಾದರೊಬ್ಬ ಹುಡುಗ ಅಬ್ಸರ್ವೇಷನ್ ಪುಸ್ತಕ ಹಿಡಿದುಕೊಂಡು ನಿನ್ನ ಮೇಜಿನ ಹತ್ತಿರ ಬಂದು, "ಮಿಸ್, ಆನ್ಸರ್ ಎಷ್ಟು ಬರಬೇಕು?" ಎಂದು ಕೇಳುತ್ತಾನೆ. ಅವನನ್ನು ಬೈಯಬೇಡ. ಹೈಸ್ಕೂಲಿನಿಂದಲೂ ಅವನಿಗೆ ಕಲಿಸಿರುವುದೇ ಅದು: ಉತ್ತರ ಪುಸ್ತಕದ ಕೊನೆಯಲ್ಲಿರುತ್ತದೆ, ನಮ್ಮ ಕೆಲಸ ಅಲ್ಲಿಗೆ ತಲುಪುವುದು. ಆದರೆ ಆ ಸಂಖ್ಯೆಯನ್ನು ನೀನು ಹೇಳಿಬಿಟ್ಟರೆ ಅವನ ಪ್ರಯೋಗ ಅಲ್ಲಿಗೇ ಮುಗಿಯಿತು. ಆಮೇಲೆ ಅವನು ಮಾಡುವುದೆಲ್ಲ ಬ್ಯಾಕ್ ಕ್ಯಾಲ್ಕುಲೇಷನ್. ಉತ್ತರದಿಂದ ಹಿಂದಕ್ಕೆ ಲೆಕ್ಕ ಹಾಕಿ, ಟೇಬಲ್ಲಿನ ಖಾಲಿ ಮನೆಗಳನ್ನು ತುಂಬುತ್ತಾನೆ. ರೆಕಾರ್ಡು ಚೆನ್ನಾಗಿರುತ್ತದೆ, ಸಹಿಯೂ ಬೀಳುತ್ತದೆ, ಅಳತೆ ಮಾತ್ರ ನಡೆದಿರುವುದಿಲ್ಲ.

"ಎಷ್ಟು ಬರಬೇಕು" ಎಂದು ಕೇಳಿದ ಹುಡುಗನಿಗೆ ನೀನು ತಿರುಗಿ ಕೇಳಬೇಕಾದ ಪ್ರಶ್ನೆ, "ನಿನಗೆ ಎಷ್ಟು ಬಂತು, ಅದು ಎಷ್ಟು ಆಚೀಚೆ ಇರಬಹುದು?" ಎಂಬುದು. ಎರಡನೆಯ ಭಾಗವನ್ನು ಬಿಡಬೇಡ. ಅಳತೆ ಎಂದರೆ ಬರೀ ಒಂದು ಸಂಖ್ಯೆಯಲ್ಲ, ಅದರ ಜೊತೆ ಆ ಸಂಖ್ಯೆಯನ್ನು ಎಷ್ಟರ ಮಟ್ಟಿಗೆ ನಂಬಬಹುದು ಎಂಬ ಲೆಕ್ಕವೂ ಇರಬೇಕು. ಅದನ್ನೇ ಅನಿಶ್ಚಿತತೆ ಎಂದು ಪುಸ್ತಕಗಳಲ್ಲಿ ಬರೆಯುತ್ತೇವೆ. ಪಠ್ಯದಲ್ಲಿ ಇದಕ್ಕೊಂದು ಅಧ್ಯಾಯ ಇದೆ, ಸೂತ್ರಗಳಿವೆ, ಮಕ್ಕಳು ಪರೀಕ್ಷೆಯಲ್ಲಿ ಆ ಲೆಕ್ಕಗಳನ್ನು ಮಾಡಿಯೂ ಬರುತ್ತಾರೆ. ಮಾರನೆಯ ದಿನ ಲ್ಯಾಬಿಗೆ ಬಂದಾಗ ಅದನ್ನೆಲ್ಲ ಕ್ಲಾಸಿನಲ್ಲೇ ಬಿಟ್ಟು ಬಂದಿರುತ್ತಾರೆ. ಈ ಎರಡನ್ನೂ ಸೇರಿಸುವ ಕೆಲಸ ನಿನ್ನದು.

ಸರಳ ಲೋಲಕದಿಂದ ಶುರುಮಾಡು. ಲ್ಯಾಬಿನಲ್ಲಿ ಅದಕ್ಕಿಂತ ಅಗ್ಗದ್ದು, ಅದಕ್ಕಿಂತ ಹೆಚ್ಚು ಕಲಿಸುವುದು ಇನ್ನೊಂದಿಲ್ಲ. ಗುರುತ್ವ ವೇಗೋತ್ಕರ್ಷದ, ಅಂದರೆ ಜಿಯ, ಬೆಲೆ 9.8 ಎಂದೋ 9.81 ಎಂದೋ ಮಕ್ಕಳಿಗೆ ಬಾಯಿಪಾಠ. ಭೂಮಿಯ ಎಲ್ಲ ಕಡೆಯೂ ಅದು ಒಂದೇ ಅಲ್ಲ ಎಂಬುದನ್ನು ಮೊದಲು ಹೇಳು. ಸಮಭಾಜಕದ ಬಳಿ ಸುಮಾರು 9.78, ಧ್ರುವಗಳ ಬಳಿ 9.83. ಲೆಕ್ಕಕ್ಕೆ ಅನುಕೂಲವಾಗಲಿ ಎಂದು 1901ರಲ್ಲಿ ತೂಕ ಮತ್ತು ಅಳತೆಗಳ ಅಂತರರಾಷ್ಟ್ರೀಯ ಸಮ್ಮೇಳನ ಗೊತ್ತುಮಾಡಿದ ಬೆಲೆ 9.80665. ನೀನಿರುವ ಬೆಂಗಳೂರು ಸಮಭಾಜಕದಿಂದ 13 ಡಿಗ್ರಿ ದೂರದಲ್ಲಿದೆ, ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿದೆ. ಇಲ್ಲಿ ಜಿ ಬೆಲೆ 9.78ರ ಆಸುಪಾಸು. ಪುಸ್ತಕದ 9.81ಕ್ಕೆ ಸರಿಯಾಗಿ ರೀಡಿಂಗ್ ಹೊಂದಿಸಿದ ಹುಡುಗ ತನ್ನೂರಿನ ಬೆಲೆಯನ್ನು ಬಿಟ್ಟು ಬೇರೆ ಯಾವುದೋ ಊರಿನ ಬೆಲೆಯನ್ನು ರೆಕಾರ್ಡಿನಲ್ಲಿ ಬರೆದ ಹಾಗಾಯಿತು.

ಇದೇನು ಹೊಸ ವಿಷಯವಲ್ಲ. 1672ರಲ್ಲಿ ಝಾನ್ ರಿಷೆ ಎಂಬ ಫ್ರೆಂಚ್ ಖಗೋಳಜ್ಞ ದಕ್ಷಿಣ ಅಮೆರಿಕದ ಕಾಯೆನ್‌ಗೆ ಹೋದಾಗ, ಪ್ಯಾರಿಸ್‌ನಲ್ಲಿ ಸರಿಯಾಗಿ ನಡೆಯುತ್ತಿದ್ದ ಲೋಲಕದ ಗಡಿಯಾರ ಅಲ್ಲಿ ದಿನಕ್ಕೆ ಎರಡೂವರೆ ನಿಮಿಷದಷ್ಟು ಹಿಂದೆ ಬೀಳುತ್ತಿತ್ತು. ಲೋಲಕವನ್ನು ಮೂರು ಮಿಲಿಮೀಟರಿಗೂ ಸ್ವಲ್ಪ ಕಡಿಮೆ ಗಿಡ್ಡಮಾಡಿದ ಮೇಲೆ ಗಡಿಯಾರ ಸರಿಹೋಯಿತು. ಗಡಿಯಾರ ಕೆಟ್ಟಿದೆ ಎಂದು ಸುಮ್ಮನಾಗದೆ ಅವನು ಆ ವ್ಯತ್ಯಾಸವನ್ನು ಬರೆದಿಟ್ಟಿದ್ದರಿಂದ, ಭೂಮಿ ಸಮಭಾಜಕದ ಬಳಿ ಉಬ್ಬಿದೆ ಎಂಬ ವಾದಕ್ಕೆ ನ್ಯೂಟನ್‌ಗೆ ಒಂದು ಆಧಾರ ಸಿಕ್ಕಿತು. ನಮ್ಮ ದೇಶದಲ್ಲೇ ಸರ್ವೆ ಇಲಾಖೆಯ ಕ್ಯಾಪ್ಟನ್ ಬಸೇವಿ 1865ರಿಂದ ಊರಿಂದೂರಿಗೆ ಲೋಲಕ ಹೊತ್ತುಕೊಂಡು ಹೋಗಿ ತೂಗಾಡಿಸಿ ಅಳೆದ. ಕೊನೆಗೆ 1871ರಲ್ಲಿ ಲಡಾಖ್‌ನ ಎತ್ತರದ ಬಯಲಿನಲ್ಲಿ ಅದೇ ಕೆಲಸ ಮಾಡುತ್ತಲೇ ತೀರಿಕೊಂಡ. ಮಕ್ಕಳಿಗೆ ಈ ಕತೆಗಳನ್ನು ಹೇಳಮ್ಮ. ಒಂದು ದಶಮಾಂಶ ಸ್ಥಾನಕ್ಕಾಗಿ ಒಬ್ಬ ಮನುಷ್ಯ ಅಷ್ಟು ದೂರ ಹೋದನೆಂದು ತಿಳಿದರೆ, ಆ ಸ್ಥಾನವನ್ನು ಕಣ್ಣುಮುಚ್ಚಿ ಬರೆಯಲು ಅವರ ಕೈ ಸ್ವಲ್ಪವಾದರೂ ಹಿಂಜರಿಯುತ್ತದೆ.

ಈಗ ಲೆಕ್ಕಕ್ಕೆ ಬಾ. ಒಂದು ಮೀಟರ್ ಉದ್ದದ ಲೋಲಕಕ್ಕೆ ಬೆಂಗಳೂರಿನಲ್ಲಿ ಆವರ್ತಕಾಲ ಸುಮಾರು 2.01 ಸೆಕೆಂಡು. ಒಂದೇ ಒಂದು ಆಂದೋಲನಕ್ಕೆ ಸ್ಟಾಪ್‌ವಾಚ್ ಒತ್ತಿದರೆ, ಕೈ 0.2 ಸೆಕೆಂಡಿನಷ್ಟು ಆಚೀಚೆ ಆಯಿತು ಅಂದುಕೊ, ಕಾಲದಲ್ಲೇ ಶೇಕಡಾ 10 ಅನಿಶ್ಚಿತತೆ ಬಂತು. ಜಿ ಲೆಕ್ಕದಲ್ಲಿ ಕಾಲದ ವರ್ಗ ಇರುವುದರಿಂದ ಅದು ದುಪ್ಪಟ್ಟಾಗಿ ಶೇಕಡಾ 20 ಆಗುತ್ತದೆ. ಇಪ್ಪತ್ತು ಆಂದೋಲನಕ್ಕೆ ಒತ್ತಿದರೆ ಕೈಯ ತಪ್ಪು ಅಷ್ಟೇ ಇರುತ್ತದೆ, ಆದರೆ ಅದು 40 ಸೆಕೆಂಡಿಗೆ ಹಂಚಿಹೋಗುತ್ತದೆ. ಕಾಲದಲ್ಲಿ ಅರ್ಧ ಶೇಕಡಾ, ಜಿಯಲ್ಲಿ ಒಂದು ಶೇಕಡಾ. ಉದ್ದದಲ್ಲಿ ಒಂದು ಮಿಲಿಮೀಟರ್ ಹೆಚ್ಚುಕಡಿಮೆಯಾದರೂ ಅದು 0.1 ಶೇಕಡಾ ಮಾತ್ರ. ಹಾಗಾಗಿ ನಮ್ಮ ಲ್ಯಾಬಿನ ಲೋಲಕ ಹೇಳಬಲ್ಲದ್ದು 9.8 ± 0.1 ಅಷ್ಟೇ. ಇಲ್ಲಿಯ 9.78 ಮತ್ತು ಪುಸ್ತಕದ 9.81ರ ನಡುವಿನ ವ್ಯತ್ಯಾಸ ಅದರ ಕಣ್ಣಿಗೆ ಕಾಣುವುದೇ ಇಲ್ಲ. 9.7 ಬಂದ ಹುಡುಗಿ ಪೆಚ್ಚಾಗಬೇಕಾಗಿಲ್ಲ, 9.9 ಬಂದ ಹುಡುಗನೂ ಪೆಚ್ಚಾಗಬೇಕಾಗಿಲ್ಲ. ಇಡೀ ಬ್ಯಾಚಿಗೆ 9.81 ಬಂದಿದ್ದರೆ ಮಾತ್ರ ನೀನು ಎಚ್ಚರವಾಗಬೇಕು. ಇಂಥ ಉಪಕರಣದಿಂದ ಇಪ್ಪತ್ತು ಮಕ್ಕಳಿಗೆ ಒಂದೇ ಸಂಖ್ಯೆ ಬರುವುದು ಸಾಧ್ಯವಿಲ್ಲ.

ಕೈ 0.2 ಸೆಕೆಂಡು ಆಚೀಚೆ ಆಗುತ್ತದೆ ಎಂದು ನೀನು ಹೇಳಿದ ಮಾತ್ರಕ್ಕೆ ಅವರು ನಂಬಬಾರದು. ಅದನ್ನೂ ಅವರೇ ಅಳೆಯಲಿ. ಒಬ್ಬ 30 ಸೆಂಟಿಮೀಟರಿನ ಸ್ಕೇಲನ್ನು ನೆಟ್ಟಗೆ ಹಿಡಿಯಲಿ, ಇನ್ನೊಬ್ಬ ಅದರ ಸೊನ್ನೆಯ ಬಳಿ ಬೆರಳು ಬಿಡಿಸಿಕೊಂಡು ಕಾಯಲಿ. ಹೇಳದೆ ಕೇಳದೆ ಸ್ಕೇಲನ್ನು ಬಿಟ್ಟಾಗ ಅವನು ಎಲ್ಲಿ ಹಿಡಿದ ನೋಡಿ. 15 ಸೆಂಟಿಮೀಟರಿನಲ್ಲಿ ಹಿಡಿದರೆ ಸುಮಾರು 0.17 ಸೆಕೆಂಡು, 20ರಲ್ಲಿ ಹಿಡಿದರೆ 0.20, 25ರಲ್ಲಿ ಹಿಡಿದರೆ 0.23. ಅದೇ ಹುಡುಗನಿಗೆ ಹತ್ತು ಸಲ ಮಾಡಿಸು. ಹತ್ತೂ ಸಲ ಒಂದೇ ಜಾಗದಲ್ಲಿ ಹಿಡಿಯುವವರು ಯಾರೂ ಇಲ್ಲ. ಇಲ್ಲಿ ಒಂದು ಸೂಕ್ಷ್ಮ ಇದೆ, ಚುರುಕಾದ ಮಕ್ಕಳು ಅದನ್ನು ಕೇಳಿಯೇ ಕೇಳುತ್ತಾರೆ: ಶುರುಮಾಡುವಾಗಲೂ ತಡ, ನಿಲ್ಲಿಸುವಾಗಲೂ ತಡ, ಎರಡೂ ಕಳೆದುಹೋಗುವುದಿಲ್ಲವೇ ಎಂದು. ಹೌದು, ತಡ ಎರಡು ಕಡೆಯೂ ಒಂದೇ ಸಮ ಇದ್ದಿದ್ದರೆ ಕಳೆದುಹೋಗುತ್ತಿತ್ತು. ಒಂದೇ ಸಮ ಇರುವುದಿಲ್ಲ ಎಂಬುದಕ್ಕೆ ಅವರ ಹತ್ತು ರೀಡಿಂಗುಗಳೇ ಸಾಕ್ಷಿ. ಸ್ಟಾಪ್‌ವಾಚಿನಲ್ಲಿ ಉಳಿಯುವುದು ಆ ಏರುಪೇರು, 0.2 ಎಂಬುದು ಅದಕ್ಕೆ ನಾವು ಧಾರಾಳವಾಗಿ ಇಟ್ಟುಕೊಂಡ ಅಂದಾಜು. ಲೋಲಕದ ಗುಂಡು ತುದಿಯಲ್ಲಿ ನಿಧಾನಕ್ಕೆ ತಿರುಗುವಾಗ ಒತ್ತುವುದಕ್ಕಿಂತ ಅದು ವೇಗವಾಗಿ ನಡುವನ್ನು ದಾಟುವಾಗ ಒತ್ತಿದರೆ ಈ ಏರುಪೇರು ಕಡಿಮೆಯಾಗುತ್ತದೆ. ಅದನ್ನೂ ಹೇಳಬೇಡ, ಎರಡು ರೀತಿಯಲ್ಲೂ ಮಾಡಿಸಿ ಹೋಲಿಸಲು ಬಿಡು.

ಮೊಬೈಲಿನ ಸ್ಟಾಪ್‌ವಾಚು 0.01 ಸೆಕೆಂಡಿನವರೆಗೆ ತೋರಿಸುತ್ತದೆ, ಅದನ್ನು ನೋಡಿ ಮಕ್ಕಳು 40.17 ಎಂದು ಬರೆಯುತ್ತಾರೆ. ಬರೆಯಲಿ. ಪಕ್ಕದಲ್ಲಿ ± 0.2 ಎಂದೂ ಬರೆಯಿಸು. ಗಡಿಯಾರದ ಲೀಸ್ಟ್ ಕೌಂಟ್ ಬೇರೆ, ಗಡಿಯಾರ ಒತ್ತುವ ಕೈಯ ಅನಿಶ್ಚಿತತೆ ಬೇರೆ ಎಂಬುದು ಆಗ ಗೊತ್ತಾಗುತ್ತದೆ. ಕಣ್ಣಿಗೆ ಕಾಣುವ ಕೊನೆಯ ಅಂಕೆಯನ್ನೆಲ್ಲ ನಂಬುವ ಅಭ್ಯಾಸ ಈಗಿನ ಮಕ್ಕಳಲ್ಲಿ ಹೆಚ್ಚು, ಅವರು ಬೆಳೆದಿರುವುದೇ ಡಿಜಿಟಲ್ ಅಂಕೆಗಳ ನಡುವೆ. ಮಲ್ಟಿಮೀಟರಿನಲ್ಲೂ ಇದೇ ಕತೆ. ಅದರ ಕೈಪಿಡಿಯಲ್ಲಿ ± (0.5% + 2 ಅಂಕೆ) ಎಂದು ಬರೆದಿದ್ದರೆ, 1.50 ವೋಲ್ಟ್ ಎಂದು ತೋರಿಸಿದಾಗ ನಿಜ 1.47ರಿಂದ 1.53ರ ನಡುವೆ ಎಲ್ಲಿ ಬೇಕಾದರೂ ಇರಬಹುದು. ಮೀಟರಿನ ಕೈಪಿಡಿಯನ್ನು ಬೀರುವಿನಿಂದ ಹೊರಗೆ ತೆಗೆದು ಮಕ್ಕಳ ಕೈಗೆ ಕೊಡು.

ಲೋಲಕದಲ್ಲಿ ಇನ್ನೂ ಎರಡು ವಿಷಯ ಇವೆ. ಜಿ ಬೆಲೆ 10.8ರ ಹತ್ತಿರ ಬಂದಿದೆ ಎಂದು ಯಾರಾದರೂ ಬಂದರೆ, ಎಣಿಸಿದ್ದು ಹೇಗೆ ಎಂದು ಕೇಳು. ಸ್ಟಾಪ್‌ವಾಚ್ ಒತ್ತುವಾಗಲೇ "ಒಂದು" ಎಂದು ಎಣಿಸಲು ಶುರುಮಾಡಿದ್ದರೆ, ಇಪ್ಪತ್ತು ಎನ್ನುವಾಗ ಆಗಿರುವುದು ಹತ್ತೊಂಬತ್ತೇ ಆಂದೋಲನ. ಆವರ್ತಕಾಲ ಶೇಕಡಾ 5 ಕಡಿಮೆಯಾಗಿ, ಜಿ ಶೇಕಡಾ 10ಕ್ಕಿಂತ ಸ್ವಲ್ಪ ಮೇಲೆ ಹೋಗಿ, ಸರಿಯಾಗಿ ಅಲ್ಲಿಗೇ ಬಂದು ನಿಲ್ಲುತ್ತದೆ. ಇಂಥ ತಪ್ಪನ್ನು ಎಷ್ಟು ಸಲ ರೀಡಿಂಗ್ ತೆಗೆದು ಸರಾಸರಿ ಮಾಡಿದರೂ ಅದು ಹೋಗುವುದಿಲ್ಲ, ಯಾಕೆಂದರೆ ಪ್ರತಿ ಸಲವೂ ಅದು ಒಂದೇ ಕಡೆಗೆ ಎಳೆಯುತ್ತದೆ. ಕೈಯ ಏರುಪೇರಾದರೆ ಹಾಗಲ್ಲ, ಒಮ್ಮೆ ಮೇಲೆ ಒಮ್ಮೆ ಕೆಳಗೆ. ನಾಲ್ಕು ಪಟ್ಟು ಹೆಚ್ಚು ರೀಡಿಂಗ್ ತೆಗೆದರೆ ಸರಾಸರಿಯ ಅನಿಶ್ಚಿತತೆ ಅರ್ಧಕ್ಕೆ ಇಳಿಯುತ್ತದೆ. ಈ ಎರಡು ಬಗೆಯನ್ನು ಬೇರೆ ಮಾಡಿ ನೋಡಲು ಬಂದರೆ ಅವರಿಗೆ ಅರ್ಧ ವಿಷಯ ಬಂದಂತೆ.

ಎರಡನೆಯದು ಗ್ರಾಫ್. ಗುಂಡಿನ ತ್ರಿಜ್ಯವನ್ನು ಸೇರಿಸಲು ಮರೆತು ಕೊಕ್ಕೆಯ ತನಕ ಮಾತ್ರ ಉದ್ದ ಅಳೆಯುವ ಮಕ್ಕಳು ಪ್ರತಿ ಬ್ಯಾಚಿನಲ್ಲೂ ಇರುತ್ತಾರೆ. ಒಂದೊಂದು ಉದ್ದಕ್ಕೂ ಬೇರೆ ಬೇರೆ ಜಿ ಲೆಕ್ಕ ಹಾಕಿದರೆ ಆ ತಪ್ಪು ಎಲ್ಲದರಲ್ಲೂ ಕೂತಿರುತ್ತದೆ. ಅದೇ, ಉದ್ದಕ್ಕೆ ಎದುರಾಗಿ ಆವರ್ತಕಾಲದ ವರ್ಗವನ್ನು ಗುರುತಿಸಿ ಗೆರೆ ಎಳೆದರೆ ಗೆರೆಯ ಇಳಿಜಾರು ಕೆಡುವುದಿಲ್ಲ, ಜಿ ಸರಿಯಾಗಿಯೇ ಬರುತ್ತದೆ. ಗೆರೆ ಮಾತ್ರ ಮೂಲಬಿಂದುವಿನ ಮೂಲಕ ಹೋಗುವ ಬದಲು ಉದ್ದದ ಅಕ್ಷವನ್ನು ಸೊನ್ನೆಯ ಹಿಂದೆ, ಸರಿಯಾಗಿ ಬಿಟ್ಟುಹೋದಷ್ಟು ದೂರದಲ್ಲಿ ಕತ್ತರಿಸುತ್ತದೆ. ಮರೆತದ್ದು ಏನು, ಎಷ್ಟು ಎಂಬುದನ್ನು ಗ್ರಾಫೇ ಹೇಳುತ್ತದೆ. ಅದನ್ನು ಮೊದಲ ಸಲ ಕಂಡ ಮಗುವಿನ ಮುಖ ನೋಡಬೇಕಮ್ಮ ನೀನು. ಗೆರೆಯನ್ನು ಒತ್ತಾಯದಿಂದ ಮೂಲಬಿಂದುವಿನ ಮೂಲಕ ಎಳೆಯಿಸಿದರೆ ಆ ಭಾಗ್ಯ ನಿನಗೂ ಇಲ್ಲ, ಅವರಿಗೂ ಇಲ್ಲ.

ಸ್ಕ್ರೂಗೇಜಿಗೆ ಬರೋಣ. ಪಿಚ್ 1 ಮಿಲಿಮೀಟರ್, ಹೆಡ್ ಸ್ಕೇಲಿನಲ್ಲಿ 100 ಭಾಗ, ಲೀಸ್ಟ್ ಕೌಂಟ್ 0.01 ಮಿಲಿಮೀಟರ್. ಇಷ್ಟನ್ನು ಎಲ್ಲರೂ ಹೇಳುತ್ತಾರೆ. ಬಾಯಿ ಮುಚ್ಚಿ ಝೀರೋ ಎರರ್ ನೋಡುವುದನ್ನೂ ಮಾಡುತ್ತಾರೆ, ಪಾಸಿಟಿವ್ ಆದರೆ ಕಳೆಯಬೇಕೋ ಕೂಡಬೇಕೋ ಎಂದು ಆಮೇಲೆ ಒದ್ದಾಡುತ್ತಾರೆ. ಅದು ಒಂದು ವಾರದಲ್ಲಿ ಸರಿಹೋಗುತ್ತದೆ. ನೀನು ಗಮನ ಕೊಡಬೇಕಾದದ್ದು ಕೈಯ ಮೇಲೆ. ರ್‍ಯಾಚೆಟ್ ಬಿಟ್ಟು ದೊಡ್ಡ ಕೊಳವೆಯನ್ನೇ ಹಿಡಿದು ತಿರುಗಿಸಿದರೆ ತೆಳು ತಂತಿ ಸ್ವಲ್ಪ ಅಪ್ಪಚ್ಚಿಯಾಗುತ್ತದೆ, ವ್ಯಾಸ ಕಡಿಮೆ ಬರುತ್ತದೆ. ಮುಂದಕ್ಕೆ ಹೋಗಿ ಹಿಂದಕ್ಕೆ ಬಂದು ರೀಡಿಂಗ್ ತೆಗೆದರೆ ಸ್ಕ್ರೂವಿನ ಮರೆಯ ಸಡಿಲ ಲೆಕ್ಕದೊಳಗೆ ನುಗ್ಗುತ್ತದೆ. ಅದಕ್ಕೇ ಯಾವಾಗಲೂ ಒಂದೇ ದಿಕ್ಕಿನಲ್ಲಿ ತಿರುಗಿಸಬೇಕು ಎನ್ನುವುದು.

ಒಂದು ದಿನ ಹೀಗೆ ಮಾಡು. ಒಂದೇ ತಂತಿಯ ಸುರುಳಿಯಿಂದ ಒಂದೊಂದು ತುಂಡು ಕತ್ತರಿಸಿ ಎಲ್ಲರಿಗೂ ಕೊಡು. ಒಬ್ಬರು ಇನ್ನೊಬ್ಬರದನ್ನು ನೋಡದ ಹಾಗೆ ಐದೈದು ಕಡೆ, ಒಂದೊಂದು ಕಡೆಯೂ ಎರಡು ಅಡ್ಡ ದಿಕ್ಕಿನಲ್ಲಿ ವ್ಯಾಸ ಅಳೆದು ಚೀಟಿಯಲ್ಲಿ ಬರೆದುಕೊಡಲಿ. ಎಲ್ಲವನ್ನೂ ಬೋರ್ಡಿನ ಮೇಲೆ ಬರೆ. 0.39 ಎಷ್ಟು ಜನಕ್ಕೆ, 0.40 ಎಷ್ಟು ಜನಕ್ಕೆ, 0.41 ಎಷ್ಟು ಜನಕ್ಕೆ ಎಂದು ಕಂಬಗಳನ್ನು ಎಳೆ. ನಡುವೆ ಎತ್ತರ, ಎರಡು ಕಡೆ ಇಳಿಜಾರು. ಯಾರೋ ಒಬ್ಬನದು ಮಾತ್ರ ದೂರದಲ್ಲಿ ಒಂಟಿಯಾಗಿ ನಿಂತಿದ್ದರೆ ಅವನ ಸ್ಕ್ರೂಗೇಜಿನ ಝೀರೋ ಎರರ್ ಮತ್ತೆ ನೋಡಿಸು. ಈ ಚಿತ್ರವನ್ನು ಅವರು ತಾವೇ ಅಳೆದ ಸಂಖ್ಯೆಗಳಿಂದ ಕಟ್ಟಬೇಕು. ಪುಸ್ತಕದಲ್ಲಿರುವ ನುಣುಪಾದ ಗಂಟೆಯಾಕಾರದ ಗೆರೆಯನ್ನು ತೋರಿಸಿ ಪ್ರಯೋಜನವಿಲ್ಲ.

ಆಮೇಲೆ ಆ ತಂತಿಯನ್ನು ಮೀಟರ್ ಬ್ರಿಡ್ಜಿಗೆ ಹಾಕಿ ರೋಧಶೀಲತೆ ಕಂಡುಹಿಡಿಯುವಾಗ ಒಂದು ಪ್ರಶ್ನೆ ಕೇಳು: ಯಾವುದನ್ನು ಹೆಚ್ಚು ಎಚ್ಚರದಿಂದ ಅಳೆಯಬೇಕು? ಹೆಚ್ಚಿನವರು ಉದ್ದ ಎನ್ನುತ್ತಾರೆ, ತಂತಿಯನ್ನು ನೆಟ್ಟಗೆ ಎಳೆದು, ಸ್ಕೇಲಿನ ಮೇಲೆ ಬಗ್ಗಿ, ಮತ್ತೆ ಮತ್ತೆ ನೋಡುತ್ತಾರೆ. ಒಂದು ಮೀಟರಿನಲ್ಲಿ ಒಂದು ಮಿಲಿಮೀಟರ್ ತಪ್ಪಿದರೆ 0.1 ಶೇಕಡಾ. 0.40 ಮಿಲಿಮೀಟರ್ ವ್ಯಾಸದಲ್ಲಿ 0.01 ತಪ್ಪಿದರೆ 2.5 ಶೇಕಡಾ, ವರ್ಗ ಮಾಡಿದಾಗ 5 ಶೇಕಡಾ. ಇಡೀ ಪ್ರಯೋಗದ ಭವಿಷ್ಯ ಆ ಪುಟ್ಟ ವ್ಯಾಸದಲ್ಲಿದೆ, ಅದನ್ನು ಒಂದೇ ಸಲ ಅಳೆದು ಮುಂದೆ ಹೋಗಿರುತ್ತಾರೆ. ಅನಿಶ್ಚಿತತೆಯ ಲೆಕ್ಕ ಕೊನೆಯಲ್ಲಿ ಮಾಡುವ ಶಾಸ್ತ್ರ ಎಂದು ತಿಳಿದವರಿಗೆ ಇದು ಕಾಣುವುದೇ ಇಲ್ಲ. ಪ್ರಯೋಗ ಶುರುಮಾಡುವ ಮೊದಲೇ ಅದನ್ನು ಮಾಡಿದರೆ ಶ್ರಮವನ್ನು ಎಲ್ಲಿ ಹಾಕಬೇಕು, ಎಲ್ಲಿ ಹಾಕಿದರೆ ವ್ಯರ್ಥ ಎಂಬುದು ತಿಳಿಯುತ್ತದೆ. ನನ್ನ ಮಟ್ಟಿಗೆ ಆ ಅಧ್ಯಾಯದ ಅತಿ ದೊಡ್ಡ ಉಪಯೋಗ ಇದೇ. ಮೀಟರ್ ಬ್ರಿಡ್ಜಿನಲ್ಲಿ ಎಡ-ಬಲದ ರೋಧಗಳನ್ನು ಅದಲುಬದಲು ಮಾಡಿ ಇನ್ನೊಮ್ಮೆ ರೀಡಿಂಗ್ ತೆಗೆಯುವುದು ಯಾಕೆ ಎಂದೂ ಆ ದಿನವೇ ಹೇಳು. ಎರಡು ತುದಿಗಳ ದೋಷ ಒಂದನ್ನೊಂದು ಬಹುಮಟ್ಟಿಗೆ ಕಳೆಯಲಿ ಎಂದು ನಮ್ಮ ಹಿರಿಯರು ಮಾಡಿಟ್ಟ ಉಪಾಯ ಅದು. ಮಕ್ಕಳು ಅದನ್ನು ಟೇಬಲ್ಲಿನ ಇನ್ನೊಂದು ಕಾಲಮ್ ಎಂದುಕೊಂಡಿದ್ದಾರೆ.

ಸ್ಕೇಲು, ವರ್ನಿಯರ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮರದ ಸ್ಕೇಲಿನ ತುದಿ ಸವೆದಿದ್ದರೆ ಸೊನ್ನೆಯಿಂದ ಶುರುಮಾಡದೆ 10ರಿಂದ ಶುರುಮಾಡಿಸು. ಕಣ್ಣು ನೇರವಾಗಿ ಮೇಲಿರಲಿ.

ಕೆಮಿಸ್ಟ್ರಿ ಲ್ಯಾಬು ನಿನ್ನದಲ್ಲದಿದ್ದರೂ ಅಲ್ಲಿಯ ಮೇಡಂ ಜೊತೆ ಒಮ್ಮೆ ಕೂತು ಮಾತಾಡು, ಯಾಕೆಂದರೆ ಅದೇ ಮಕ್ಕಳು ಅಲ್ಲಿಗೂ ಹೋಗುತ್ತಾರೆ. ಬ್ಯುರೆಟ್ಟಿನ ಸಣ್ಣ ಭಾಗ 0.1 ಮಿಲಿಲೀಟರ್. ಬಿಟ್ಟ ಒಂದು ಹನಿಯೇ ಸುಮಾರು 0.05 ಮಿಲಿಲೀಟರ್ ಆಗುತ್ತದೆ. ಎರಡು ಟೈಟ್ರೇಷನ್‌ಗಳಲ್ಲಿ 10.2, 10.3 ಬಂದರೆ ಅದು ಪ್ರಾಮಾಣಿಕ ಫಲಿತಾಂಶ. ಆದರೆ "ಕನ್‌ಕಾರ್ಡೆಂಟ್ ವ್ಯಾಲ್ಯೂ ಬರಬೇಕು" ಎಂಬ ಮಾತನ್ನು ಮಕ್ಕಳು "ಮೂರೂ ಒಂದೇ ಇರಬೇಕು" ಎಂದು ಕೇಳಿಸಿಕೊಂಡಿರುತ್ತಾರೆ. ಎರಡನೆಯದು ಮುಗಿದ ಮೇಲೆ ಮೂರನೆಯದನ್ನು ಮಾಡದೆಯೇ ಬರೆಯುವವರು ಎಷ್ಟೋ ಜನ. ಪರ್ಮಾಂಗನೇಟ್ ತುಂಬಿದ ಬ್ಯುರೆಟ್ಟಿನಲ್ಲಿ ಬಣ್ಣ ಗಾಢವಾದ್ದರಿಂದ ಮೇಲಿನ ಅಂಚನ್ನು, ಬಣ್ಣವಿಲ್ಲದ ದ್ರಾವಣದಲ್ಲಿ ಕೆಳಗಿನ ಬಾಗನ್ನು ಓದುತ್ತೇವೆ. ಯಾವುದನ್ನು ಓದಿದರೂ ಮೊದಲೂ ಕೊನೆಯಲ್ಲೂ ಅದನ್ನೇ ಓದಬೇಕು. ಅಲ್ಲಿಯ ಎಲೆಕ್ಟ್ರಾನಿಕ್ ತಕ್ಕಡಿ ಕೊನೆಯ ಅಂಕೆಯಲ್ಲಿ ಕುಣಿಯುತ್ತಿದ್ದರೆ ಮೇಲಿನ ಫ್ಯಾನ್ ನೋಡಿ. ಅಕ್ಕಸಾಲಿಗರು ಚಿನ್ನ ತೂಗುವಾಗ ಗಾಜಿನ ಬಾಗಿಲು ಮುಚ್ಚಿ, ಅಂಕೆ ನಿಲ್ಲುವ ತನಕ ಕಾಯುತ್ತಾರಲ್ಲ, ಆ ತಾಳ್ಮೆ ನಮ್ಮ ಮಕ್ಕಳಿಗೂ ಬರಬೇಕು.

ಥರ್ಮಾಮೀಟರಿನ ಒಂದು ವಿಷಯ ಹೇಳಿಯೇ ಮುಂದೆ ಹೋಗುತ್ತೇನೆ. ಬೆಂಗಳೂರಿನಲ್ಲಿ ನೀರು ಕುದಿಸಿ ನೋಡಿದರೆ ಪಾದರಸ ಸುಮಾರು 97 ಡಿಗ್ರಿಯಲ್ಲಿ ನಿಲ್ಲುತ್ತದೆ. "ಥರ್ಮಾಮೀಟರ್ ಸರಿಯಿಲ್ಲ ಮಿಸ್" ಎನ್ನುತ್ತಾರೆ ಒಂದಿಬ್ಬರು, ಉಳಿದವರು ಸದ್ದಿಲ್ಲದೆ 100 ಎಂದು ಬರೆಯುತ್ತಾರೆ. ಆಗ ಕರಗುತ್ತಿರುವ ಮಂಜುಗಡ್ಡೆಯಲ್ಲಿ ಅದೇ ಥರ್ಮಾಮೀಟರನ್ನು ಇಡಿಸು. ಅಲ್ಲಿ ಸೊನ್ನೆಯನ್ನೇ ತೋರಿಸಿದರೆ, ಈ ಮೂರು ಡಿಗ್ರಿಗೆ ಬೇರೆ ಕಾರಣ ಹುಡುಕಬೇಕಾಗುತ್ತದೆ. ಊರಿನ ಎತ್ತರ, ಇಲ್ಲಿಯ ಕಡಿಮೆ ಗಾಳಿಯ ಒತ್ತಡ ಅವರ ತಲೆಗೆ ಹೊಳೆಯುತ್ತದೆ. ಮಂಗಳೂರಿನ ಲ್ಯಾಬಿನಲ್ಲಿ ಇದೇ ನೀರು 100ರ ಹತ್ತಿರ ಕುದಿಯುತ್ತದೆ. ವ್ಯತ್ಯಾಸ ಉಪಕರಣದ್ದೋ, ಕೈಯದೋ, ಲೋಕದ್ದೋ ಎಂದು ವಿಚಾರಿಸಲು ಕಲಿಯುವುದು ಹೀಗೆ. 100 ಎಂದು ಬರೆದವನು ತನ್ನೂರು ಎತ್ತರದಲ್ಲಿದೆ ಎಂಬ ಸುದ್ದಿಯನ್ನೇ ಅಳಿಸಿಹಾಕಿದ.

ಸಣ್ಣ ವ್ಯತ್ಯಾಸವನ್ನು ಅಳಿಸದೆ ಉಳಿಸಿಕೊಂಡವರಿಗೆ ಏನು ಸಿಕ್ಕಿತು ಎಂಬುದಕ್ಕೆ ಲಾರ್ಡ್ ರೇಲಿ ಅವರ ನೈಟ್ರೋಜನ್ ಪ್ರಯೋಗಕ್ಕಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ. ಅದನ್ನು ನಿನ್ನ ಮಕ್ಕಳಿಗೆ ಸಂಖ್ಯೆಗಳ ಸಮೇತ ಹೇಳು. ಗಾಳಿಯಿಂದ ಆಮ್ಲಜನಕ ಮತ್ತಿತರ ಅನಿಲಗಳನ್ನು ತೆಗೆದು ಉಳಿಸಿದ ನೈಟ್ರೋಜನ್ ಒಂದು ಗಾಜಿನ ಬುರುಡೆಯಲ್ಲಿ 2.3102 ಗ್ರಾಂ ತೂಗಿತು. ರಾಸಾಯನಿಕಗಳಿಂದ ತಯಾರಿಸಿದ ನೈಟ್ರೋಜನ್ ಅದೇ ಬುರುಡೆಯಲ್ಲಿ 2.2990 ಗ್ರಾಂ. ವ್ಯತ್ಯಾಸ 11 ಮಿಲಿಗ್ರಾಂ, ಅಂದರೆ ಅರ್ಧ ಶೇಕಡಾ. ಬೇರೆಯವರಾಗಿದ್ದರೆ ಹೋಗಲಿ ಬಿಡು ಎನ್ನುತ್ತಿದ್ದರೇನೋ. ರೇಲಿಗೆ ಹಾಗೆ ಬಿಡಲು ಆಗಲಿಲ್ಲ, ಯಾಕೆಂದರೆ ಒಂದೇ ಬಗೆಯ ಅನಿಲವನ್ನು ಮತ್ತೆ ಮತ್ತೆ ತೂಗಿದಾಗ ತಮ್ಮ ತೂಕಗಳು ಹೆಚ್ಚೆಂದರೆ ಎರಡು-ಮೂರು ಮಿಲಿಗ್ರಾಂ ಮಾತ್ರ ಆಚೀಚೆ ಆಗುತ್ತವೆ ಎಂಬುದು ಅವರಿಗೆ ಗೊತ್ತಿತ್ತು. ಅಷ್ಟು ಗೊತ್ತಿದ್ದುದರಿಂದಲೇ 11 ದೊಡ್ಡದಾಗಿ ಕಂಡಿತು. ಗೊತ್ತಿಲ್ಲದಿದ್ದರೆ ಆ 11ಕ್ಕೆ ಅರ್ಥವೇ ಇರುತ್ತಿರಲಿಲ್ಲ.

1892ರಲ್ಲಿ ಅವರು 'ನೇಚರ್' ಪತ್ರಿಕೆಗೆ ಕಾಗದ ಬರೆದು, ಇದಕ್ಕೆ ಕಾರಣ ಯಾರಿಗಾದರೂ ಹೊಳೆದರೆ ಹೇಳಿ ಎಂದು ಕೇಳಿದರು. ಮೊದಮೊದಲು ಸಾವಿರದಲ್ಲಿ ಒಂದು ಭಾಗದಷ್ಟೇ ಇದ್ದ ವ್ಯತ್ಯಾಸವನ್ನು ಮುಚ್ಚಿಡುವ ಬದಲು, ಅಮೋನಿಯದಿಂದ ನೈಟ್ರೋಜನ್ ತೆಗೆಯುವಾಗ ಗಾಳಿಯ ಜಾಗದಲ್ಲಿ ಶುದ್ಧ ಆಮ್ಲಜನಕ ಬಳಸಿ ಅದನ್ನು ಇನ್ನೂರರಲ್ಲಿ ಒಂದು ಭಾಗಕ್ಕೆ ದೊಡ್ಡದು ಮಾಡಿದರು. ಕಣ್ಣಿಗೆ ಬೇಡವಾದದ್ದನ್ನು ಇನ್ನಷ್ಟು ಎತ್ತಿ ತೋರಿಸುವ ಈ ಧೈರ್ಯ ನೋಡಮ್ಮ! 1894ರ ಹೊತ್ತಿಗೆ ವಿಲಿಯಂ ರಾಮ್ಸೆ ಜೊತೆ ಸೇರಿ ಉತ್ತರ ಕಂಡುಕೊಂಡರು: ಗಾಳಿಯಲ್ಲಿ ಯಾರೂ ಗುರುತಿಸದ ಇನ್ನೊಂದು ಅನಿಲವಿದೆ, ಆರ್ಗಾನ್. ನಾವು ಉಸಿರಾಡುವ ಗಾಳಿಯಲ್ಲಿ ಹತ್ತಿರ ಹತ್ತಿರ ಒಂದು ಶೇಕಡಾ ಅದೇ. 1904ರಲ್ಲಿ ರೇಲಿಗೆ ಭೌತಶಾಸ್ತ್ರದ, ರಾಮ್ಸೆಗೆ ರಸಾಯನಶಾಸ್ತ್ರದ ನೊಬೆಲ್ ಬಂತು.

ಈ ಕತೆ ನಮ್ಮೂರಿಗೂ ಬಂದು ಮುಟ್ಟುತ್ತದೆ. ರಾಮ್ಸೆ ಜೊತೆ ನಿಂತು 1898ರಲ್ಲಿ ಕ್ರಿಪ್ಟಾನ್, ನಿಯಾನ್, ಝೆನಾನ್‌ಗಳನ್ನು ಕಂಡುಹಿಡಿದ ಮಾರಿಸ್ ಟ್ರಾವರ್ಸ್ ಅವರೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ, ನಮ್ಮ ಟಾಟಾ ಇನ್ಸ್‌ಟಿಟ್ಯೂಟಿನ, ಮೊದಲ ನಿರ್ದೇಶಕರು. ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋದಾಗ ಕಟ್ಟಡ ತೋರಿಸುವುದರ ಜೊತೆಗೆ ಇದನ್ನೂ ಹೇಳು.

ಪುಸ್ತಕದ ಬೆಲೆಗೆ ಹೊಂದಿಸುವ ಚಾಳಿ ಮಕ್ಕಳಿಗೆ ಮಾತ್ರ ಇರುವುದಲ್ಲ. ಮಿಲಿಕನ್ 1913ರಲ್ಲಿ ಎಣ್ಣೆಹನಿಗಳಿಂದ ಎಲೆಕ್ಟ್ರಾನಿನ ವಿದ್ಯುದಂಶ ಅಳೆದಾಗ, ಗಾಳಿಯ ಸ್ನಿಗ್ಧತೆಯ ಬೆಲೆ ಸ್ವಲ್ಪ ತಪ್ಪಿದ್ದರಿಂದ ಉತ್ತರ ಅರ್ಧ ಶೇಕಡಾಕ್ಕಿಂತ ಸ್ವಲ್ಪ ಹೆಚ್ಚೇ ಕಡಿಮೆಯಾಯಿತು. ಆಮೇಲೆ ಅಳೆದವರ ಉತ್ತರಗಳು ಒಮ್ಮೆಗೇ ಸರಿಯಾದ ಜಾಗಕ್ಕೆ ಹೋಗದೆ, ಮಿಲಿಕನ್‌ರ ಬೆಲೆಯಿಂದ ಮೆಲ್ಲಮೆಲ್ಲನೆ ಮೇಲೇರುತ್ತ ಹೋದವು ಎಂದು ರಿಚರ್ಡ್ ಫೈನ್‌ಮನ್ 1974ರಲ್ಲಿ ಕ್ಯಾಲ್‌ಟೆಕ್‌ನ ವಿದ್ಯಾರ್ಥಿಗಳ ಮುಂದೆ ಹೇಳಿದ್ದರು. ದೊಡ್ಡವರ ಸಂಖ್ಯೆಯಿಂದ ದೂರ ಬಂದರೆ ತಮ್ಮಲ್ಲೇ ತಪ್ಪು ಹುಡುಕುವುದು, ಹತ್ತಿರ ಬಂದರೆ ಹುಡುಕುವುದನ್ನು ನಿಲ್ಲಿಸುವುದು, ಇದು ವಿಜ್ಞಾನಿಗಳಿಗೂ ಇರುವ ದೌರ್ಬಲ್ಯ. ಹದಿನಾರು ವರ್ಷದ ಮಗುವಿಗೆ ಅದರಿಂದ ತಪ್ಪಿಸಿಕೊಳ್ಳಲು ನಿನ್ನ ಸಹಾಯ ಬೇಕು.

ಉತ್ತರ ಬರೆಯುವ ರೀತಿಯಲ್ಲಿ ಕಟ್ಟುನಿಟ್ಟಾಗಿರು. ಕ್ಯಾಲ್ಕುಲೇಟರ್ 9.7834521 ಎಂದು ತೋರಿಸಿತೆಂದು ಅಷ್ಟನ್ನೂ ಬರೆಯುವುದು ಸಲ್ಲದು. ಮೊದಲು ಅನಿಶ್ಚಿತತೆ ಎಷ್ಟು ನೋಡಬೇಕು, ಅದನ್ನು ಒಂದೇ ಅಂಕೆಗೆ ಇಳಿಸಬೇಕು, ಆಮೇಲೆ ಉತ್ತರವನ್ನು ಅದೇ ಸ್ಥಾನದ ತನಕ ಬರೆಯಬೇಕು. ಅನಿಶ್ಚಿತತೆಯನ್ನು ಲೀಸ್ಟ್ ಕೌಂಟಿನಷ್ಟು ತೆಗೆದುಕೊಳ್ಳಬೇಕೋ ಅರ್ಧದಷ್ಟೋ ಎಂದು ಸ್ಟಾಫ್ ರೂಮಿನಲ್ಲಿ ಜಗಳ ಎದ್ದೇ ಏಳುತ್ತದೆ. ಪಠ್ಯದಲ್ಲಿರುವುದನ್ನು ಪರೀಕ್ಷೆಗೆ ಅನುಸರಿಸು, ಲ್ಯಾಬಿನಲ್ಲಿ ಮಾತ್ರ ಮಗು ಯಾವುದನ್ನು ಯಾಕೆ ತೆಗೆದುಕೊಂಡಿತು ಎಂದು ಒಂದು ಸಾಲು ಬರೆದಿದ್ದರೆ ಒಪ್ಪಿಕೊ. ಅಂತರರಾಷ್ಟ್ರೀಯ ಸಂಸ್ಥೆಗಳು ಸೇರಿ 1993ರಲ್ಲಿ ಹೊರತಂದ ಅನಿಶ್ಚಿತತೆಯ ಮಾರ್ಗಸೂಚಿಯೂ ಎರಡು ದಾರಿಗಳನ್ನು ಒಪ್ಪುತ್ತದೆ: ಮತ್ತೆ ಮತ್ತೆ ಅಳೆದು ಸಂಖ್ಯಾಶಾಸ್ತ್ರದಿಂದ ಕಂಡುಕೊಳ್ಳುವುದು ಒಂದು, ಉಪಕರಣದ ಬಗ್ಗೆ ಇರುವ ತಿಳಿವಳಿಕೆಯಿಂದ ಅಂದಾಜು ಮಾಡುವುದು ಇನ್ನೊಂದು. ತಂತಿಯ ಕಂಬಗಳನ್ನು ಬೋರ್ಡಿನ ಮೇಲೆ ಎಳೆದಾಗ ಮೊದಲನೆಯದು, ಮಲ್ಟಿಮೀಟರಿನ ಕೈಪಿಡಿ ಓದಿದಾಗ ಎರಡನೆಯದು.

ಇದಕ್ಕೆಲ್ಲ ಸಮಯ ಎಲ್ಲಿದೆ ಎಂದು ನೀನು ಕೇಳುತ್ತೀಯೆ. ಒಂದು ಬ್ಯಾಚಿಗೆ ಎರಡು ಗಂಟೆ, ಪರೀಕ್ಷೆಯ ಮುಂಚೆ ಮುಗಿಸಬೇಕಾದ ಪ್ರಯೋಗಗಳ ಪಟ್ಟಿ, ತುಂಬಿಸಬೇಕಾದ ರೆಕಾರ್ಡು. ಕಷ್ಟ ನನಗೆ ಗೊತ್ತು. ಎಲ್ಲ ಪ್ರಯೋಗದಲ್ಲೂ ಇಷ್ಟು ಆಳಕ್ಕೆ ಹೋಗಬೇಕಾಗಿಲ್ಲ. ಲೋಲಕ ಮತ್ತು ಸ್ಕ್ರೂಗೇಜು, ಈ ಎರಡರಲ್ಲಿ ಹೋಗು. ಉಳಿದವುಗಳಲ್ಲಿ ಉತ್ತರದ ಪಕ್ಕ ± ಇಲ್ಲದಿದ್ದರೆ ಪುಸ್ತಕ ವಾಪಸು ಕೊಡು. ಅಷ್ಟು ಸಾಕು.

ಇನ್ನು ಅಂಕದ ಮಾತು. 9.81 ಎಂದು ಬರೆದವರಿಗೆ ಪೂರ್ತಿ, 9.6 ± 0.2 ಎಂದು ಬರೆದವರಿಗೆ ಅರ್ಧ ಕೊಟ್ಟರೆ, ನೀನು ಬಾಯಲ್ಲಿ ಏನೇ ಹೇಳಿದರೂ ಮಕ್ಕಳು ಕಲಿಯುವುದು ಆ ಅಂಕದಿಂದಲೇ. ವಾರ್ಷಿಕ ಪರೀಕ್ಷೆಯ ಎಕ್ಸ್‌ಟರ್ನಲ್ ಹೇಗಿರುತ್ತಾರೋ ಅದು ನಿನ್ನ ಕೈಯಲ್ಲಿಲ್ಲ. ವರ್ಷವಿಡೀ ನಡೆಯುವ ಲ್ಯಾಬು ನಿನ್ನ ಕೈಯಲ್ಲಿದೆ. ಹಾಗಾಗಿ ಇಷ್ಟು ಮಾಡು ತಾಯಿ: ಲೆಕ್ಕಕ್ಕೆ ಕೂರುವ ಮೊದಲು ಪ್ರತಿ ಮಗುವಿನ ರೀಡಿಂಗ್ ಪುಟಕ್ಕೆ ನಿನ್ನ ಸಹಿ ಹಾಕು. ರೀಡಿಂಗುಗಳನ್ನು ಪೆನ್ನಿನಲ್ಲೇ ಬರೆಯಲಿ, ತಪ್ಪಾದರೆ ಒಂದು ಗೆರೆ ಎಳೆದು ಪಕ್ಕದಲ್ಲಿ ಬರೆಯಲಿ, ರಬ್ಬರ್ ಲ್ಯಾಬಿನೊಳಗೆ ಬೇಡ. ಸರಿಯಾದ ಬೆಲೆಯಿಂದ ದೂರ ಬಂದು, ಯಾಕೆ ಬಂತೆಂದು ಹುಡುಕಿ ಬರೆದವರಿಗೆ ಒಂದಂಕ ಹೆಚ್ಚೇ ಕೊಡು, ಅದನ್ನು ಎಲ್ಲರ ಮುಂದೆ ಹೇಳಿ ಕೊಡು. ಈ ವರ್ಷದ ಮೊದಲನೆಯ ಪ್ರಯೋಗದಿಂದಲೇ ಇದನ್ನು ಶುರುಮಾಡು. ಪರೀಕ್ಷೆ ಹತ್ತಿರ ಬಂದ ಮೇಲೆ ಹೇಳಿದರೆ ಮಕ್ಕಳು ನಂಬುವುದಿಲ್ಲ.